ಒಂದೇ ಪಾತ್ರೆಗೆ ನಾಲ್ಕು ಕೈ ಉಪ್ಪು

ಕ್ರೇನ್ ಓಡಿಸುವವನ ಹೆಂಡತಿಗೆ ಮೊದಲೆಲ್ಲ ಗಾಳಿಯದೇ ಚಿಂತೆ. ಗಂಡ ಹತ್ತುವ ಕ್ರೇನ್ ಎಷ್ಟು ಎತ್ತರವೆಂದರೆ, ಬೆಳಿಗ್ಗೆ ಮೇಲೆ ಬಿದ್ದ ಮಳೆ ಕೆಳಗಿನವರನ್ನು ಮುಟ್ಟುವ ಹೊತ್ತಿಗೆ ಊಟದ ಬೆಲ್ ಹೊಡೆದಿರುತ್ತಿತ್ತು. ಈಗ ಗಾಳಿಯ ನೆನಪೇ ಇಲ್ಲ. ಈಗಿನ ಚಿಂತೆ ಕಂಪನಿ ಡಾಕ್ಟರು ಕೊಟ್ಟ ಚೀಟಿಯಲ್ಲಿತ್ತು. ರಕ್ತದೊತ್ತಡ ನೂರ ಅರವತ್ತೆಂಟು. ಮಾತ್ರೆ ನುಂಗಬೇಕು, ಉಪ್ಪು ಇಳಿಸಬೇಕು. ಒಂದು ತಿಂಗಳು ನೆಲದ ಮೇಲಿನ ಕೆಲಸ, ಆಮೇಲೆ ಮತ್ತೆ ಪರೀಕ್ಷೆ. ಒತ್ತಡ ಇಳಿಯದಿದ್ದರೆ ಇನ್ನು ಕ್ರೇನ್ ಹತ್ತುವಂತಿಲ್ಲ.

ಅವಳು ಆವತ್ತೇ ಅಡುಗೆಯ ಉಪ್ಪನ್ನು ಅರ್ಧಕ್ಕಿಳಿಸಿದಳು. ಹತ್ತು ದಿನ ಬಿಟ್ಟು ಪಕ್ಕದ ಮನೆಯ ನರ್ಸ್ ಬಂದು ಗಂಡನ ತೋಳಿಗೆ ಒತ್ತಡ ಅಳೆಯುವ ಪಟ್ಟಿ ಸುತ್ತಿದಳು. ಬೀದಿಗೆಲ್ಲ ಅವಳು ಸೂಜಿಯಕ್ಕ.

“ನೂರ ಅರವತ್ತಾರು,” ಅಂದಳು ಸೂಜಿಯಕ್ಕ. “ಮಾತ್ರೆ ನುಂಗ್ತಿದ್ದಾನಾ, ಇಲ್ಲಾ ಜೇಬಲ್ಲಿಟ್ಕೊಂಡು ತಿರುಗ್ತಿದ್ದಾನಾ?”

“ನನ್ನ ಕಣ್ಣೆದುರೇ ನುಂಗ್ತಾರೆ ಅಕ್ಕ. ಉಪ್ಪೂ ಅರ್ಧ ಮಾಡಿದೀನಿ. ಆದ್ರೆ ಊಟದಲ್ಲಿ ಉಪ್ಪು ಕಮ್ಮಿ ಅಂತ ಅನ್ಸೋದೇ ಇಲ್ಲ. ಅದೇ ನಂಗೆ ಭಯ.”

ಮೂಲೆಯಲ್ಲಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ಉಪ್ಪಿಂದ ಯಾರಿಗೆ ಏನಾಗಿದೆ? ನಮ್ಮಪ್ಪ ಅರವತ್ತು ವರ್ಷ ಹಿಡಿಗಟ್ಟಲೆ ತಿಂದ್ರು. ಏನೂ ಆಗ್ಲಿಲ್ಲ.”

“ಅರವತ್ತೊಂದನೇ ವರ್ಷ?” ಅಂದಳು ಸೂಜಿಯಕ್ಕ.

ಅತ್ತೆ ಹಿಟ್ಟಿಗೆ ಇನ್ನೆರಡು ಗುದ್ದು ಗುದ್ದಿದರು. “ಲಕ್ವ ಹೊಡೆದು ಮಾತು ನಿಂತೋಯ್ತು. ಅದು ಬೇರೆ ವಿಷಯ.”

ಸೂಜಿಯಕ್ಕ ಸೊಸೆಯನ್ನು ಬಾಗಿಲಾಚೆ ಕರೆದಳು. “ನಾಳೆ ಬೇಳೆಗೆ ಒಂದು ಹರಳೂ ಉಪ್ಪು ಹಾಕ್ಬೇಡ. ಯಾರಿಗೂ ಹೇಳ್ಲೂಬೇಡ.”

ಮರುದಿನ ಸೊಸೆ ಉಪ್ಪಿಲ್ಲದ ಬೇಳೆ, ತರಕಾರಿ ಒಲೆಯ ಮೇಲಿಟ್ಟು ಬಟ್ಟೆ ಒಣಹಾಕಲು ಹೋದಳು. ಬಂದು ಎಲ್ಲರಿಗೂ ಬಡಿಸಿ, ತಾನೂ ಒಂದು ಚಮಚ ಬಾಯಿಗಿಟ್ಟಳು. ಉಪ್ಪೇ ಹಾಕದ ಬೇಳೆ ಉಪ್ಪಾಗಿತ್ತು.

“ಇದಕ್ಕೆ ನಾನು ಉಪ್ಪೇ ಹಾಕಿಲ್ಲ,” ಅಂದಳು.



“ನಿಂಗೆ ಮರೆವು ಜಾಸ್ತಿ ನೋಡು,” ಅಂದರು ಅತ್ತೆ. “ನೀನು ಬಟ್ಟೆ ಒಣಗಾಕ್ತಿರುವಾಗ ಒಂದು ಚಮಚ ಹಾಕ್ದೆ. ದಿನಾ ಹಾಕ್ತೀನಿ.”

ಮಾವ ಗಂಟಲು ಸರಿಮಾಡಿಕೊಂಡರು. “ಇವಳಿಗೆ ನಾಲಿಗೆ ರುಚಿ ಹೋಗಿದೆ ಅಂತ ಹಿಂದೇನೇ ನಾನೊಂದು ಅರ್ಧ ಚಮಚ.”

“ನಂಗೆ ರುಚಿ ಹೋಗಿದ್ಯಾ? ಯಾವಾಗಿಂದ?”

“ನನ್ನ ಒಪ್ಕೊಂಡಾಗಿಂದ.”

ಅಷ್ಟರಲ್ಲಿ ಮೂವರೂ ಗಂಡನ ಕಡೆ ನೋಡಿದರು. ಅವನಿನ್ನೂ ತುತ್ತು ಬಾಯಿಗಿಟ್ಟಿರಲಿಲ್ಲ. ಬೆರಳು ಮಾತ್ರ ಆಗಲೇ ಉಪ್ಪಿನ ಬಟ್ಟಲಲ್ಲಿತ್ತು.

“ಅಭ್ಯಾಸ,” ಅಂದ ಅವನು.

ಎಲ್ಲರೂ ಪ್ರೀತಿಯಿಂದಲೇ ಹಾಕುತ್ತಿದ್ದರು. ಒತ್ತಡ ಅಳೆಯುವ ಯಂತ್ರಕ್ಕೆ ಅದು ತಿಳಿಯುವುದಿಲ್ಲ.

ಸಂಜೆ ಸೂಜಿಯಕ್ಕ ಒಂದು ಪುಟ್ಟ ಡಬ್ಬಿ ತಂದಳು. “ದೊಡ್ಡವರಿಗೆ ದಿನಕ್ಕೆ ತಲೆಗೊಂದು ಟೀ ಚಮಚ ದಾಟಬಾರ್ದು. ಬ್ರೆಡ್ಡಿಗೆ ಹಾಕೋದೂ ಸೇರಿ. ಅಂಗಡಿ ಬಿಸ್ಕತ್ತು, ಚಿಪ್ಸಲ್ಲೂ ಉಪ್ಪಿರತ್ತೆ, ಅದಕ್ಕೆ ನಾಲ್ಕು ಜನಕ್ಕೆ ಮೂರೇ ಚಮಚ ಅಳೆದಿಡಿ. ಮುಗಿದ್ರೆ ಮುಗೀತು. ಹಾಕೋ ಕೈ ಒಂದೇ ಇರ್ಲಿ.” ಹೀಗೆಂದು ಡಬ್ಬಿಯನ್ನು ಅತ್ತೆಯ ಕೈಗೇ ಕೊಟ್ಟಳು.

ಸೊಸೆ ಬೆರಳು ಮಡಚಿ ಎಣಿಸಿದಳು. ಪರೀಕ್ಷೆಗೆ ಉಳಿದಿದ್ದು ಹತ್ತೊಂಬತ್ತೇ ದಿನ.

ಆದರೆ ಡಬ್ಬಿ ಕೈಗೆ ಬಂದ ಮೇಲೆ ಅತ್ತೆ ಬೇರೆಯೇ ಮನುಷ್ಯರಾದರು. ಅದನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದರು. ಮಾವ ಒಂದು ಚಿಟಿಕೆ ಕೇಳಿದ್ದಕ್ಕೆ ಕಾರಣ ಬರೆದು ಅರ್ಜಿ ಕೊಡಿ ಅಂದರು. ಬೇಳೆಗೆ ನಿಂಬೆರಸ, ಬೆಳ್ಳುಳ್ಳಿ, ಮೆಣಸು ಬಂದವು. ಬ್ರೆಡ್ಡಿಗೆ ಮೈದಾ ಬದಲು ಗೋಧಿಹಿಟ್ಟು, ಅರ್ಧ ಉಪ್ಪು, ಮೇಲೆ ಹುರಿದ ಎಳ್ಳು. ಮೊದಲ ಬ್ರೆಡ್ ಇಟ್ಟಿಗೆಯಾಯಿತು. ಮಾವ ಅದನ್ನು ಬಾಗಿಲಿಗೆ ಆನಿಸಿಟ್ಟರು. ಆಮೇಲೆ ಎಂಥಾ ಗಾಳಿಗೂ ಆ ಬಾಗಿಲು ಅಲ್ಲಾಡಲಿಲ್ಲ. ಎರಡನೆಯದಕ್ಕೆ ಅತ್ತೆ ನೀರು ಹೆಚ್ಚಿಸಿ, ಹಿಟ್ಟನ್ನು ಇನ್ನಷ್ಟು ಹೊತ್ತು ನೆನೆಯಲು ಬಿಟ್ಟರು. ಅದು ಉಬ್ಬಿತು.

ಮೊದಲ ವಾರ ಊಟವೆಲ್ಲ ಸಪ್ಪೆ. ಮೂರನೆಯ ವಾರಕ್ಕೆ ಗಂಡ ಅಂಗಡಿಯ ಚಿಪ್ಸ್ ಒಂದು ಬಾಯಿಗಿಟ್ಟು, “ಇದೇನು, ಸಮುದ್ರ ಹುರಿದಿದ್ದಾರಾ?” ಅಂದ.

ಪರೀಕ್ಷೆಯ ದಿನ ಅವಳು ಊಟದ ಡಬ್ಬಿ ಹಿಡಿದು ಗೇಟಿನ ಹೊರಗೆ ನಿಂತಳು. ಡಬ್ಬಿ ಆರಿತು. ಅವಳು ಬೆವರಿದಳು. ಕೊನೆಗೆ ಗಂಡ ಬಂದ.

“ನೂರ ಮೂವತ್ತೆಂಟು. ಕ್ರೇನ್ ಹತ್ತು ಅಂದ್ರು. ಮಾತ್ರೆ ಬಿಡಂಗಿಲ್ಲ, ಮುಂದಿನ ತಿಂಗಳು ಮತ್ತೆ ತೋರಿಸ್ಬೇಕು.”

ಅವನು ಊಟದ ಡಬ್ಬಿ ತೆಗೆದುಕೊಂಡು ಹತ್ತಿದ. ಕ್ರೇನಿನ ತೋಳು ತಿರುಗುವವರೆಗೂ ಅವಳು ಗೇಟು ಬಿಟ್ಟು ಕದಲಲಿಲ್ಲ. ಊಟದ ಹೊತ್ತಿಗೆ ಅವನು ಮೇಲಿನಿಂದ ಏನೋ ಕೂಗಿದ. ಆ ಕೂಗು ಕೆಳಗೆ ಬರುವಷ್ಟರಲ್ಲಿ ಅವಳು ಮನೆ ಸೇರಿದ್ದಳು. ಏನೆಂದು ಸಂಜೆ ಅವನೇ ಹೇಳಬೇಕಾಯಿತು: “ಉಪ್ಪು ಸರಿಯಾಗಿದೆ ಅಂದೆ.”

ನೀವೂ ಒಂದು ದಿನ ಉಪ್ಪು ಹಾಕದೆ ಪಾತ್ರೆ ಒಲೆಯ ಮೇಲಿಟ್ಟು ಬಟ್ಟೆ ಒಣಹಾಕಲು ಹೋಗಿ. ಬಂದು ರುಚಿ ನೋಡಿ. ಉಪ್ಪಾಗಿದ್ದರೆ ಮನೆಯ ಕೈಗಳನ್ನು ಎಣಿಸಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ನೋಡಿಸಿಕೊಳ್ಳಿ, ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ. ದಿನದ ಉಪ್ಪು ಅಳೆದು ಒಂದೇ ಡಬ್ಬಿಯಲ್ಲಿಡಿ. ಡಬ್ಬಿ ಯಾರ ಕೈಗೆ ಕೊಡುವುದೆಂದು ತೋಚದಿದ್ದರೆ, ಎಲ್ಲರಿಗಿಂತ ಹೆಚ್ಚು ಹಾಕುತ್ತಿದ್ದವರಿಗೇ ಕೊಡಿ.