ಬಚ್ಚಲ ಬಾಗಿಲಾಚೆ ಏಳರ ಮಗ್ಗಿ

ನಮ್ಮ ಮನೆಯಲ್ಲಿ ಮಗ್ಗಿ ಹೇಳುವುದು ಬಚ್ಚಲಲ್ಲಿ. ನಗುವವರು ನಗಲಿ. ನನ್ನ ಮೊಮ್ಮಗಳಿಗೆ ಫಿಟ್ಸ್ ಬರುತ್ತದೆ. ಅದು ಹೇಳಿ ಕೇಳಿ ಬರುವುದಿಲ್ಲ, ನಿಂತವಳು ನಿಂತಲ್ಲೇ ಬೀಳುತ್ತಾಳೆ. ಒಂದು ಸಲ ನಲ್ಲಿಗೆ ತಲೆ ತಾಗಿ ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿದ್ದೇವೆ. ಜೀವಮಾನವೆಲ್ಲ ಊರವರ ಬಟ್ಟೆ ಹೊಲಿದವಳು ನಾನು, ಆ ಹೊಲಿಗೆ ನೋಡಲಾರದೆ ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ನಿಂತಿದ್ದೆ.

ಅವಳನ್ನು ಗುಂಡಿ ಎಂದು ಕರೆಯುತ್ತೇವೆ. ಹುಟ್ಟಿದಾಗ ಅಂಗಿಯ ಗುಂಡಿಯಷ್ಟಿದ್ದಳು. ಈಗ ದೊಡ್ಡವಳಾಗಿದ್ದಾಳಂತೆ, ಅವಳೇ ಹೇಳುವುದು. ಸ್ನಾನ ಮಾಡುವಾಗ ಯಾರೂ ನೋಡಬಾರದು, ಬಾಗಿಲು ಹಾಕಿಕೊಳ್ಳಲೇಬೇಕು ಎಂದು ಒಂದೇ ಹಟ. ನನ್ನ ಮಗಳಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ಅವಳು ಹೊರಟ ಮೇಲೆ ಈ ಹಟಮಾರಿಯ ಜೊತೆ ಏಗುವುದು ನನ್ನ ಪಾಡು. ಕೊನೆಗೆ ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಚಿಲಕ ಕಿತ್ತುಹಾಕುವುದು, ಬಾಗಿಲು ಬರೀ ಮುಚ್ಚುವುದು, ಒಳಗಿರುವಷ್ಟು ಹೊತ್ತೂ ಅವಳು ಗಟ್ಟಿಯಾಗಿ ಮಾತಾಡುತ್ತಿರುವುದು. ದನಿ ನಿಂತರೆ ನಾನು ಒಳಗೆ ನುಗ್ಗುತ್ತೇನೆ.

ಏನು ಮಾತಾಡಲಿ ಎಂದು ಕೇಳಿದಳು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಏಳರ ಮಗ್ಗಿ ಹೇಳು ಎಂದೆ. ಅವಳಿಗೆ ಬಾರದ ಮಗ್ಗಿ ಅದೊಂದೇ. ಸ್ನಾನವೂ ಆಯಿತು, ಪಾಠವೂ ಆಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಂದಿನಿಂದ ಆ ಹೊತ್ತಿನಲ್ಲಿ ಹೊಲಿಗೆ ಮಷಿನ್ ತುಳಿಯುವುದಿಲ್ಲ, ಅದರ ಸದ್ದಿಗೆ ಏನೂ ಕೇಳಿಸದು. ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಕೈಯಲ್ಲೇ ಹೊಲಿಯುತ್ತ ಕಿವಿಗೊಟ್ಟು ಕೂರುತ್ತೇನೆ. ಅವಳು ಏಳೆಂಟರ ಹತ್ತಿರ ತಡವರಿಸುವುದು, ನಾನು ಹೊರಗಿನಿಂದ ಐವತ್ತಾರು ಎನ್ನುವುದು, ದಿನವೂ ಇದೇ ಆಗಿತ್ತು.

ನಿನ್ನೆ ಟೀಚರ್ ಕರೆಸಿದ್ದರು. ಮಗು ಏಳೇಳರ ತನಕ ಸರಾಗವಾಗಿ ಬಂದು, ಆಮೇಲೆ ಯಾರೋ ಹೇಳಿಕೊಡುತ್ತಾರೆಂದು ಬಾಗಿಲ ಕಡೆ ನೋಡುತ್ತದೆ ಎಂದರು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಇವತ್ತು ಬೆಳಿಗ್ಗೆ ಟವೆಲ್ ಕೈಗಿಟ್ಟು, ನೀನು ತಿಪ್ಪರಲಾಗ ಹಾಕಿದರೂ ನಾನು ಬಾಯಿ ಬಿಡುವುದಿಲ್ಲ, ನೀನೇ ನೆನಪು ಮಾಡಿಕೊ ಎಂದು ಕಡ್ಡಿ ಮುರಿದಂತೆ ಹೇಳಿದೆ. ಮುಖ ಸಪ್ಪೆ ಮಾಡಿಕೊಂಡು ಒಳಗೆ ಹೋದಳು.

"ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಎಂದು ಶುರುವಾಯಿತು. ನಲ್ಲಿ ಬಿಟ್ಟ ಸದ್ದು, ಸೋಪಿನ ಡಬ್ಬಿ ಬಿದ್ದ ಸದ್ದು. "ಏಳೇಳ್ಲ ನಲವತ್ತೊಂಬತ್ತು" ಎಂದವಳು ಸುಮ್ಮನಾದಳು.

ಯೋಚಿಸಲಿ ಎಂದುಕೊಂಡೆ. ಕಾಜಾದ ಒಂದು ಅಂಚು ಮುಗಿಸಿದೆ. ಐವತ್ತಾರು ನಾಲಿಗೆಯ ತುದಿಗೆ ಬಂದಿತ್ತು, ತುಟಿ ಕಚ್ಚಿಕೊಂಡೆ. ಇನ್ನೊಂದು ಅಂಚೂ ಮುಗಿಯಿತು. ಬಕೆಟ್ ತುಂಬಿ ನೀರು ನೆಲಕ್ಕೆ ಚೆಲ್ಲುತ್ತಿರುವುದು ಕೇಳಿಸಿತು. ನೀರು ಪೋಲು ಮಾಡುವ ಹುಡುಗಿಯಲ್ಲ ಅವಳು. ಮಗ್ಗಿ ಮರೆತರೂ ದನಿ ನಿಲ್ಲುತ್ತದೆ, ಮೂರ್ಛೆ ಬಿದ್ದರೂ ನಿಲ್ಲುತ್ತದೆ. ಹೊರಗೆ ಕೂತವಳಿಗೆ ಎರಡೂ ಒಂದೇ. ಇಷ್ಟು ಸಣ್ಣ ವಿಷಯ ಈ ಹಾಳು ತಲೆಗೆ ಇಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಗುಂಡೀ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಹೊಲಿಗೆ ಕೆಳಗಿಟ್ಟು ಎದ್ದೆ. ಬಾಗಿಲ ಮೇಲೆ ಕೈಯಿಟ್ಟೆ, ತಳ್ಳಲು ಧೈರ್ಯ ಬರಲಿಲ್ಲ. ಒಳಗೆ ಏನು ನೋಡಬೇಕಾಗುತ್ತದೋ, ಬೇಕರಿಗೆ ಫೋನ್ ಮಾಡಿ ಮಗಳಿಗೆ ಏನೆಂದು ಹೇಳಲಿ? ಆ ಗಳಿಗೆ ನನ್ನ ಶತ್ರುವಿಗೂ ಬೇಡ. ಕಣ್ಣು ಮುಚ್ಚಿ ತಳ್ಳಿದೆ.

ಗೋಡೆಗೆ ಒರಗಿ ನಿಂತಿದ್ದಳು. ಮೈತುಂಬ ನೊರೆ, ಎರಡೂ ಕೈ ಬಾಯಿಯ ಮೇಲೆ. ಬಿದ್ದಿರಲಿಲ್ಲ. ಹೋದ ಜೀವ ಬಂದಿತು, ಅದರ ಹಿಂದೆಯೇ ಕೋಪವೂ ಬಂದಿತು. ಏಳೆಂಟ್ಲ ಎಷ್ಟೆಂದು ಗೊತ್ತಾಗದಿದ್ದರೆ ಬಾಯಿ ಬಿಟ್ಟು ಹೇಳಬಾರದೇ ಎಂದು ಕೈ ಎತ್ತಿದೆ.

"ಗೊತ್ತಿತ್ತು" ಎಂದಳು. "ನಾನು ಸುಮ್ನಾದ್ರೆ ನೀನು ಬರ್ತೀಯಾ ಅಂತ ನೋಡ್ದೆ. ಒಳಗಿದ್ರೆ ದಿನಾ ಭಯ ಆಗುತ್ತೆ ಅಜ್ಜಿ."

ಎತ್ತಿದ ಕೈ ಹಾಗೇ ಇಳಿಯಿತು. ನಲ್ಲಿ ನಿಲ್ಲಿಸಿ, ನೊರೆ ಸಮೇತ ಅವಳನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಎಳೆದುಕೊಂಡೆ. ಗಡಗಡ ನಡುಗುತ್ತಿದ್ದಳು.

"ನಾನು ನಿಜವಾಗ್ಲೂ ಬಿದ್ದಿದ್ರೂ ಇಷ್ಟೇ ಹೊತ್ತಾಗ್ತಿತ್ತಾ?"

"ಇಲ್ಲ ಕಣೇ, ಓಡಿ ಬರ್ತಿದ್ದೆ" ಎಂದೆ.

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ನಂಬಲಿಲ್ಲ.