ರತ್ನವ್ವ ಕೊಟ್ಟ ಉಗುಳು

ಮೂರು ತಿಂಗಳಿಂದ ಕೆಮ್ಮು, ದಮ್ಮು. ಹಿರಿಯಡ್ಕದ ಅಕ್ಕಿ ಮಿಲ್ಲಿನಲ್ಲಿ ಹೊಟ್ಟು ಗುಡಿಸುವ ರತ್ನವ್ವನಿಗೆ ಇದು ಕ್ಷಯವೇ ಎಂದು ಖಾತ್ರಿಯಾಗಿತ್ತು. ಬಾದಾಮಿ ಕಡೆಯ ಅವಳ ಊರಲ್ಲಿ ಅವ್ವ ಸತ್ತದ್ದೂ ಅದರಿಂದಲೇ. ಆರು ವರ್ಷದ ಮಗಳು ಸವಿತಾಳನ್ನು ಅವಳು ಹತ್ತಿರ ಸೇರಿಸುತ್ತಿರಲಿಲ್ಲ. ತಟ್ಟೆ ಬೇರೆ, ಚಾಪೆ ಬೇರೆ. ಕ್ಷಯವೆಂದು ಚೀಟಿ ಬಂದರೆ ಮಗಳು ಊರಿಗೆ, ಅಜ್ಜನ ಮನೆಗೆ ಎಂದು ಗಂಡ ಬಾಲಪ್ಪ ಹೇಳಿಯಾಗಿತ್ತು.

ಹಾಗಾಗಿ ಮಣಿಪಾಲದ ಲ್ಯಾಬಿನಲ್ಲಿ ಕಫಕ್ಕೆಂದು ಡಬ್ಬಿ ಕೊಟ್ಟಾಗ ಈ ಜಾಣೆ ಏನು ಮಾಡಿದಳು ಗೊತ್ತೇ? ಬಂದ ಕಫವನ್ನು ಗುಟುಕ್ಕನೆ ನುಂಗಿ, ಬರೀ ಉಗುಳು ತುಂಬಿಸಿ ಕೊಟ್ಟಳು. ಕಫವೇ ಇಲ್ಲದಿದ್ದರೆ ರೋಗ ಎಲ್ಲಿಂದ ಸಿಕ್ಕೀತು!

ಆದರೆ ಅಲ್ಲಿ ಕೂತಿದ್ದವರು ಟೆಕ್ನಿಷಿಯನ್ ಅಪೊಲೋನಿಯಾ. ಇಪ್ಪತ್ತು ವರ್ಷ ಸೂಕ್ಷ್ಮದರ್ಶಕದಡಿ ಗಾಜಿನ ಮೇಲಿನ ಜೀವಕಣ ಎಣಿಸಿದ ಕಣ್ಣು ಅದು. ಡಬ್ಬಿಯಲ್ಲಿದ್ದದ್ದನ್ನು ಪರೀಕ್ಷಿಸಿ ತಾವೇ ಹೊರಗೆ ಬಂದರು.

"ಎಂತ ಇದು ರತ್ನವ್ವ? ಬರೀ ಬಾಯಿಯ ಒಳಚರ್ಮದ ಕಣಗಳುಂಟು, ಶ್ವಾಸಕೋಶದ್ದು ಒಂದೂ ಇಲ್ಲ. ಕಫ ನುಂಗಿದ್ದು ಅಲ್ವಾ?"

ಅಯ್ಯೋ, ಉಗುಳೂ ಚಾಡಿ ಹೇಳುತ್ತದೆಯೇ! ರತ್ನವ್ವ ಸೆರಗು ಬಾಯಿಗೊತ್ತಿ ಅತ್ತು, ಮಗಳ ಸುದ್ದಿ ಎಲ್ಲ ಹೇಳಿದಳು. ಅಪೊಲೋನಿಯಾ ಗದರಲಿಲ್ಲ.

"ಮೂರು ಬೆಳಿಗ್ಗೆ ನಿಜವಾದ್ದು ತನ್ನಿ. ನೋಡುವ."

ನಾಲ್ಕನೆಯ ದಿನ ಅವಳನ್ನೇ ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಹೊಟ್ಟು ಗುಡಿಸುವವಳಿಗೆ ಲ್ಯಾಬಿನಲ್ಲಿ ಯಾರು ಸ್ಟೂಲು ಕೊಡುತ್ತಾರೆ ಹೇಳಿ! ಕಣ್ಣಿಟ್ಟರೆ, ಕುಂಕುಮದ ಹುಡಿ ತುಂಬಿದಂಥ ದುಂಡು ಕಣಗಳು, ರಾಶಿ ರಾಶಿ.

"ಕ್ಷಯದ ಕ್ರಿಮಿ ಮೂರರಲ್ಲೂ ಇಲ್ಲ. ಇವು ಇಯೊಸಿನೊಫಿಲ್, ರಕ್ತದ ಒಂದು ಬಗೆಯ ಕಣ. ಹುಟ್ಟಿನಿಂದಲೇ ನಿಮ್ಮ ಮೈ ಕಾಯುವಂಥವು. ಹುಳ ಬಂದರೆ ಹೊಡೆಯುವುದು ಇವುಗಳ ಕೆಲಸ. ಮಿಲ್ಲಿನ ಧೂಳನ್ನೇ ಶತ್ರು ಅಂತ ತಿಳಿದು ಶ್ವಾಸಕೋಶದಲ್ಲಿ ಯುದ್ಧ ಹೂಡಿವೆ. ಅದಕ್ಕೇ ಒಳಗೆ ಬಾತು ದಮ್ಮು."

ರತ್ನವ್ವ ಮತ್ತೊಮ್ಮೆ ಬಗ್ಗಿ ನೋಡಿದಳು. "ಖೋಡಿಗಳಾ, ನನ್ನ ಕಾಯಾಕ ಬಂದು ನನ್ನ ಉಸುರೇ ಕಟ್ಟೀರಲ್ಲ!" ಎಂದಳು. ಬೈಗುಳದಲ್ಲೂ ಪ್ರೀತಿಯಿತ್ತು.

"ಡಾಕ್ಟರು ಸೇದುವ ಮದ್ದು ಕೊಡುತ್ತಾರೆ. ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿ. ಮತ್ತೆಂತ ಕೇಳ್ಲಿಕ್ಕುಂಟಾ?"

ರತ್ನವ್ವ ಎದ್ದು ನಿಂತು, ಎರಡೂ ಕೈಯಲ್ಲಿ ಅವರ ಕೈ ಹಿಡಿದಳು.

"ಇದು ಅಂಟಂಗಿಲ್ಲಲ್ರೀ ಅಕ್ಕಾರ?"

"ಇಲ್ಲ ಮಾರಾಯ್ತಿ, ಅಂಟುವುದಿಲ್ಲ."

"ಹಂಗಾದ್ರ ಇವತ್ತ ಮಗಳನ್ನ ಮಗ್ಗಲಾಗ ಮಲಗಿಸ್ಕೋತೀನ್ರೀ."

ಇಪ್ಪತ್ತು ವರ್ಷ ಕಣ ಎಣಿಸಿದ ಅಪೊಲೋನಿಯಾರಿಗೆ ಆಮೇಲಿನ ಗಾಜು ಸ್ವಲ್ಪ ಹೊತ್ತು ಮಂಜಾಗಿಯೇ ಕಂಡಿತು.