ಗಾಜಿನೆಳೆಗೆ ತೂಗುಹಾಕಿದ ನಟ್ಟು

ಮಂಡ್ಯದ ಕಾಲೇಜೊಂದರ ಲ್ಯಾಬಿನಲ್ಲಿ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಮೇಲೆ ಲೇಸರಿನಿಂದ ಕಣ್ಣಿಗೆ ಕಾಣದ ಗೆರೆ ಕೊರೆಯುತ್ತಿದ್ದರು. ಅಂಥ ಎಳೆಯನ್ನು ಸೇತುವೆಗೆ ಅಂಟಿಸಿದರೆ ಸೇತುವೆ ಎಷ್ಟು ಬಾಗಿತೆಂದು ಅದು ಹೇಳುತ್ತದಂತೆ. ಹತ್ತು ಎಳೆ ಒಂದೇ ಥರ ಬರಬೇಕಿತ್ತು. ಒಂದೂವರೆ ವರ್ಷದಿಂದ ಹತ್ತೂ ಹತ್ತು ಥರ ಬರುತ್ತಿದ್ದವು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಯೋಜನೆ ಬಂದ್. ಆಗ ಪ್ರೊಫೆಸರ್ ರಘುನಂದನ್ ಇನ್ನೊಂದು ಯೋಜನೆ ಬರೆಯುತ್ತಾರೆ. ಗುತ್ತಿಗೆಯ ಅಟೆಂಡರ್ ಇಂದ್ರಮ್ಮ ಮಾತ್ರ ಕೆಲಸ ಕಳೆದುಕೊಂಡು ಮಳವಳ್ಳಿ ಬಸ್ಸು ಹತ್ತಬೇಕು.

ತಪ್ಪು ಯಾರದೆಂದು ಪ್ರೊಫೆಸರು ಆಗಲೇ ಕಂಡುಹಿಡಿದಿದ್ದರು. ಮೊದಲು ಎಸಿಯದು, ಆಮೇಲೆ ರಸ್ತೆಯ ಕಬ್ಬಿನ ಲಾರಿಗಳದು, ಕೊನೆಗೆ ಇಂದ್ರಮ್ಮನ ಪೊರಕೆಯದು. ಪೊರಕೆಯನ್ನು ನಿಷೇಧಿಸಿ ಸುತ್ತೋಲೆಯೂ ಬಂತು.

ಗುಡಿಸುವ ಕೆಲಸ ತಪ್ಪಿದ ಇಂದ್ರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಸಂಶೋಧನೆ ಮಾಡುವ ಹುಡುಗಿ ಮಂಜುಶ್ರೀ ಎಳೆಯ ಎರಡೂ ತುದಿಗಳನ್ನು ಸ್ಕ್ರೂ ತಿರುಗಿಸಿ ಬಿಗಿಯುತ್ತಿದ್ದಳು. ಬೆಳಿಗ್ಗೆ ಗಟ್ಟಿಯಾಗಿ, ಊಟವಾದ ಮೇಲೆ ಮೆತ್ತಗೆ. ಇಪ್ಪತ್ತು ವರ್ಷ ಗೂಡಿನಿಂದ ರೇಷ್ಮೆ ನೂಲು ತೆಗೆದ ಇಂದ್ರಮ್ಮನಿಗೆ ತಡೆಯಲಾಗಲಿಲ್ಲ.

"ಏನವ್ವಾ, ಒಂದ್ಸಲ ಬಿಗೀತೀಯ, ಒಂದ್ಸಲ ಸಡ್ಲ ಬುಡ್ತೀಯ. ಎಳೆ ಹೆಂಗೆ ಒಂದೇ ತರ ಬಂದಾತು?"

"ಅದಕ್ಕೆ ಹೊರದೇಶದಿಂದ ಮಿಷನ್ ಬರ್ಬೇಕು ಇಂದ್ರಮ್ಮ. ಫೈಲ್ ಓಡಾಡ್ತಿದೆ."

"ಓಡಾಡ್ಲಿ ಬುಡು, ಕಾಲ್ಗೆ ಒಳ್ಳೇದು."

ಇಂದ್ರಮ್ಮ ಮೂಲೆಯ ಮುರಿದ ಬೆಂಚಿನಿಂದ ಒಂದು ಕಬ್ಬಿಣದ ನಟ್ಟು ಬಿಚ್ಚಿ ತಂದಳು. ಎಳೆಯ ಒಂದು ತುದಿಯನ್ನು ಹಿಡಿಸಿ, ಇನ್ನೊಂದನ್ನು ಪುಟ್ಟ ರಾಟೆಯ ಮೇಲೆ ಇಳಿಬಿಟ್ಟು, ನಟ್ಟು ತೂಗುಹಾಕಿಸಿದಳು. ನಟ್ಟು ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಒಂದೇ ಬಿಗಿಯಲ್ಲಿ ಎಳೆಯುತ್ತದೆ. ಅದು ಊಟಕ್ಕೆ ಹೋಗುವುದಿಲ್ಲ.

ಗುರುವಾರ ಸಂಜೆಗೆ ಹತ್ತೂ ಎಳೆ ಒಂದೇ ತಾಯಿಯ ಮಕ್ಕಳಂತೆ ಬಂದವು.

ಶುಕ್ರವಾರ ಪ್ರೊಫೆಸರು ಸಮಿತಿಯ ಮುಂದೆ ತಮ್ಮ 'ಗುರುತ್ವಾಧಾರಿತ ಸಮಬಿಗಿತ ವಿಧಾನ'ವನ್ನು ನಲವತ್ತು ನಿಮಿಷ ವಿವರಿಸಿದರು. ಯೋಜನೆ ಮೂರು ವರ್ಷ ಮುಂದುವರಿಯಿತು. ಎಸಿ ರಿಪೇರಿ ಮಾಡಿದವರಿಗೂ ವಂದನೆ ಸಂದಿತು. ಇಂದ್ರಮ್ಮ ತನ್ನ ಗುತ್ತಿಗೆಯ ಬಗ್ಗೆ ಕೇಳಿದಾಗ ಪ್ರೊಫೆಸರು "ನೋಡೋಣ" ಎಂದರು.

ಇಂದ್ರಮ್ಮ ನಟ್ಟನ್ನು ಬಿಚ್ಚಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಸೋಮವಾರ ಪ್ರೊಫೆಸರ ಫೋನು ಬಂತು. "ಇಂದ್ರಮ್ಮ, ಆ ನಟ್ಟು ಎಲ್ಲಿ? ವರದೀಲಿ 'ವಿಶೇಷ ತೂಕ' ಅಂತ ಬರೆದುಬಿಟ್ಟಿದೀನಿ. ಎಷ್ಟು ಅಂತ ಯಾರೂ ತೂಗಿಲ್ಲ."

"ಜ್ವಾಪಾನವಾಗಿ ಅದೆ ಸಾರ್. ನನ್ ಗುತ್ತಿಗೆ ಆರ್ಡರು ಕೈಗೆ ಬಂದ ದಿನ ತತ್ತೀನಿ."

ಒಂದೂವರೆ ವರ್ಷ ಓಡಾಡುವಂಥ ಗುತ್ತಿಗೆಯ ಫೈಲು ಅಂದು ಒಂದೂವರೆ ಗಂಟೆಯಲ್ಲಿ ಓಡಿತು. ಮುರಿದ ಬೆಂಚಿನಲ್ಲಿ ಅದೇ ತೂಕದ ಇನ್ನೂ ಏಳು ನಟ್ಟುಗಳಿದ್ದವು. ಅದನ್ನು ಇಂದ್ರಮ್ಮ ಹೇಳಿದ್ದು ಮಂಜುಶ್ರೀಗೆ ಮಾತ್ರ, ಅದೂ ಆರ್ಡರಿನ ಮೇಲೆ ರುಜು, ಸೀಲು ಎರಡನ್ನೂ ನೋಡಿದ ಮೇಲೆ.